ಕೆರೆಯ ಅಂತರಗಂಗೆ: ಮತ್ತೆ ಪಟ್ಟಿ ಎತ್ತುವ ಮೊದಲು

4ನೇ ಕ್ರಾಸ್, ಮನೆ 22:
ನಮಸ್ಕಾರ್ರೀ ಎಲ್ಲರಿಗೂ. ಕೆರೆಯ ಅಂತರಗಂಗೆ ತೆಗೆಸಲು ಜೆಸಿಬಿಗೆ ಮನೆಗೆ 500 ರೂಪಾಯಿ ಪಟ್ಟಿ ಅಂತ ಗ್ರೂಪಿನಲ್ಲಿ ನೋಡಿದೆ. ಕೊಡುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಹೋದ ದೀಪಾವಳಿ ಮುಂದೆ ತೆಗೆಸಿದೆವು, ಸಂಕ್ರಾಂತಿಗೆ ಮತ್ತೆ ಹಬ್ಬಿ ನೀರೇ ಕಾಣಲಿಲ್ಲ. ಹೊಟ್ಟೆ ತುಂಬ ಸಿಕ್ಕರೆ ಈ ಗಿಡ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಉಣಿಸುತ್ತಿರುವವರು ನಾವೇ. ಮೇಲಿನ ಓಣಿಯ ಗಟಾರ ನೇರ ಕೆರೆಗೆ ಬೀಳುತ್ತದೆ. ಆ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರಜನಕ, ರಂಜಕ ಎರಡೂ ಇವೆ. ಹೊಲ ಇದ್ದವರ ಲೆಕ್ಕದಲ್ಲಿ ಹೇಳಿದರೆ, ದಿನಾ ಕೆರೆಗೆ ತೆಳುವಾಗಿ ಯೂರಿಯಾ, ಡಿಎಪಿ ಬಿಡುತ್ತಿದ್ದೇವೆ. ಹೋದ ಸಲ ತೆಗೆದ ರಾಶಿ ದಂಡೆ ಮೇಲೇ ಕೊಳೆತು, ಕಪ್ಪು ರಸ ತಿರುಗಿ ನೀರಿಗೇ ಇಳಿಯಿತು. ವಾಕಿಂಗ್ ಹೋಗುವವರೆಲ್ಲ ನೋಡಿದ್ದೀರಿ.

ಗಟಾರ ಕೆರೆ ಸೇರುವಲ್ಲಿ ಖಡಿ (ಜಲ್ಲಿ ಕಲ್ಲು) ತುಂಬಿದ ಮಡಿ ಮಾಡಿ, ಆಪು (ನೀರಿನ ಜೊಂಡು) ಮತ್ತು ಕಾಬಾಳೆ (ಹೂವಿನ ಕ್ಯಾನಾ ಗಿಡ) ಹಚ್ಚೋಣ, ಗಟಾರದ ನೀರು ಅದರೊಳಗೆ ತಿಳಿಯಾಗಿ ಕೆರೆಗೆ ಹೋಗಲಿ ಅಂತ ನನ್ನ ಮಾತು.

2ನೇ ಕ್ರಾಸ್, ಮನೆ 7:
ಗಿಡ ಹೋಗಲಿ ಅಂತ ಗಿಡ ಹಚ್ಚುವುದಾ ಸರ್? ಸೊಳ್ಳೆ ಮೊದಲು ಬರುವುದು ನಮ್ಮ ಮನೆಗೇ.

4ನೇ ಕ್ರಾಸ್, ಮನೆ 22:
ನೀರು ಮೇಲೆ ನಿಲ್ಲುವುದಿಲ್ಲ ಅಕ್ಕಾರ. ಖಡಿಯ ಒಳಗೇ ಹರಿಯುತ್ತದೆ, ಮೇಲೆ ಒಣಗಿರುತ್ತದೆ. ಸೊಳ್ಳೆಗೆ ಮೊಟ್ಟೆ ಇಡಲು ಜಾಗವೇ ಇಲ್ಲ. ನಿಜವಾದ ಕೆಲಸ ಮಾಡುವುದು ಬೇರಿಗೂ ಖಡಿಗೂ ಅಂಟಿದ ಬ್ಯಾಕ್ಟೀರಿಯಾ. ಬೇರಿನ ಪಕ್ಕ ಸ್ವಲ್ಪ ಆಮ್ಲಜನಕ ಇರುತ್ತದೆ, ಅಲ್ಲಿ ಗಟಾರದ ನೀರಿನ ಅಮೋನಿಯ (ಸಾರಜನಕದ ಒಂದು ರೂಪ) ನೈಟ್ರೇಟ್ ಆಗುತ್ತದೆ. ಗಾಳಿ ತಾಗದ ಕಡೆ ಬೇರೆ ಬ್ಯಾಕ್ಟೀರಿಯಾ ಅದನ್ನು ಸಾರಜನಕದ ಗಾಳಿ ಮಾಡಿ ಹೊರಗೆ ಬಿಡುತ್ತವೆ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎನ್ನುವವರು 1950ರ ದಶಕದಲ್ಲೇ ಇಂಥ ಗಿಡಗಳಿಂದ ಕೊಳೆ ನೀರು ತಿಳಿ ಮಾಡುವ ಪ್ರಯೋಗ ಶುರು ಮಾಡಿದ್ದರು.

ರಂಜಕದ್ದೇ ತಕರಾರು. ಅದು ಗಾಳಿಗೆ ಹೋಗುವುದಿಲ್ಲ. ಒಂದಿಷ್ಟು ಖಡಿಗೆ ಅಂಟುತ್ತದೆ, ಒಂದಿಷ್ಟು ಗಿಡ ಸೇರುತ್ತದೆ. ಗಿಡ ಅಲ್ಲೇ ಸತ್ತು ಕೊಳೆತರೆ ಮತ್ತೆ ನೀರಿಗೇ ವಾಪಸ್. ಹಾಗಾಗಿ ಆಗಾಗ ಕೊಯ್ದು ಹೊರಗೆ ಸಾಗಿಸಲೇಬೇಕು.

1ನೇ ಕ್ರಾಸ್, ಮನೆ 3:
ನಾನು ಕಟ್ಟಡದ ಕೆಲಸದವನು, ಲೆಕ್ಕ ಹೇಳುತ್ತೇನೆ. ಆ ಗಟಾರಕ್ಕೆ ಸುಮಾರು 60 ಮನೆ, 250 ಜನ. ಬಚ್ಚಲು, ಅಡುಗೆಮನೆ ನೀರಿಗೆ ತಲೆಗೆ ಒಂದು ಚದರ ಮೀಟರ್ ಮಡಿ ಹಿಡಿದರೂ 250 ಚದರ ಮೀಟರ್. ಅಂದರೆ 30–40ರ ಎರಡು ಸೈಟಿಗಿಂತ ಜಾಸ್ತಿ. ಎರಡು ಅಡಿ ಆಳಕ್ಕೆ 50 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ದಾಟಿ ಖಡಿ ಬೇಕು. ನಮ್ಮದು ಎರಿ ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರೆಲ್ಲ ಭೂಮಿಗೆ. ಮಳೆಗಾಲದ ರಭಸಕ್ಕೆ ಪಕ್ಕದಲ್ಲೊಂದು ದಾರಿ ಬಿಡಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಖಡಿ ಕೆರೆಯಲ್ಲಿ.

4ನೇ ಕ್ರಾಸ್, ಮನೆ 31:
ಮನೆ ಹಿಂದೆ ಮುರಿದ ಸಿಂಟೆಕ್ಸ್ ಟ್ಯಾಂಕ್ ಕೊಯ್ದು ಇದನ್ನೇ ಮಾಡಿ ಕೆಟ್ಟವಳು ನಾನು. ಕಾಬಾಳೆ ಚೆಂದ ಬಂತು, ಎದೆ ಮಟ್ಟ, ಕೆಂಪು ಹೂ. ಐದನೇ ತಿಂಗಳಿಗೆ ನೀರು ಮೇಲೆ ಉಕ್ಕಿತು. ಖಡಿ ಕೆದರಿದರೆ ಒಳಗೆ ಬೆಣ್ಣೆಯ ಹಾಗೆ ಬಿಳಿ ಜಿಡ್ಡು, ಅದರಲ್ಲಿ ಅನ್ನದ ಅಗುಳು, ಉಳ್ಳಾಗಡ್ಡಿ ಸಿಪ್ಪೆ. ನಾಲ್ಕು ದಿನ ಊಟ ಸೇರಲಿಲ್ಲ ನೋಡ್ರಿ. ಮಡಿಯ ಮುಂದೆ ಕಸ, ಜಿಡ್ಡು ತಡೆದು ನೀರು ತಿಳಿ ಮಾಡುವ ಒಂದು ತೊಟ್ಟಿ ಇಲ್ಲದೆ ಯಾರೂ ಕೈ ಹಾಕಬೇಡಿ. ಆ ತೊಟ್ಟಿಯ ರಾಡಿಯನ್ನೂ ಯಾರಾದರೂ ತೆಗೆಯಬೇಕು.

2ನೇ ಕ್ರಾಸ್, ಮನೆ 7:
ಅದೇ ಕೇಳುತ್ತಿದ್ದೇನೆ. ಯಾರು? ಪಾರ್ಕಿನ ಗಿಡಕ್ಕೆ ನೀರು ಹಾಕಲು ಪಾಳಿ ಹಚ್ಚಿದಾಗ ಮೂರನೇ ವಾರಕ್ಕೆ ನಾನೊಬ್ಬಳೇ ಉಳಿದಿದ್ದೆ.

4ನೇ ಕ್ರಾಸ್, ಮನೆ 22:
ಒಪ್ಪಿದೆ. ಪಾಳಿ ಬೇಡ, ತಿಂಗಳಿಗೆ ಆಳು ಇಡೋಣ. ಆ ಖರ್ಚು ಗೊತ್ತಾಗದೆ ಖಡಿ ತರುವುದು ಬೇಡ.

1ನೇ ಕ್ರಾಸ್, ಮನೆ 3:
ಜಾಗ ಕೆರೆ ಅಂಗಳದ್ದು. ಕಾಗದದಲ್ಲಿ ಅನುಮತಿ ಸಿಗುವವರೆಗೆ ಗುದ್ದಲಿ ಮುಟ್ಟುವ ಹಾಗಿಲ್ಲ. ಮತ್ತೆ ಆ 60 ಮನೆಗಳಲ್ಲಿ ಯಾರ ಪಾಯಖಾನೆ ಪೈಪು ಗಟಾರಕ್ಕಿದೆ ಅಂತ ನೋಡಬೇಕು. ಇದ್ದರೆ ನನ್ನ ಲೆಕ್ಕ ಎಲ್ಲಾ ಎರಡು ಪಟ್ಟು.

3ನೇ ಕ್ರಾಸ್, ಮನೆ 15:
ಕೊಯ್ದ ಕಾಬಾಳೆ ನಮ್ಮ ಎಮ್ಮೆಗೆ ಹಾಕಬಹುದಾ?

4ನೇ ಕ್ರಾಸ್, ಮನೆ 22:
ಗಟಾರದ ನೀರು ಕುಡಿದದ್ದು ಕಾಕಾ, ಬೇಡ. ತಿಪ್ಪೆಗೆ ಹಾಕಿ ಗೊಬ್ಬರ ಮಾಡಿಕೊಳ್ಳಿ, ಪೂರ್ತಿ ನಿಮಗೇ.

ರವಿವಾರ ಬೆಳಿಗ್ಗೆ 7ಕ್ಕೆ ಗಟಾರದ ಬಾಯಿಗೆ ಬನ್ನಿ. ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಅಳೆಯುವುದು, ಆಮೇಲೆ ಮನೆ ಮನೆ ಪೈಪು ನೋಡುವುದು. ಜೆಸಿಬಿ ಪಟ್ಟಿ ಅಲ್ಲಿಯವರೆಗೆ ನಿಲ್ಲಲಿ.

2ನೇ ಕ್ರಾಸ್, ಮನೆ 7:
20 ಲೀಟರಿನ ಬಕೆಟ್ ನಾನು ತರುತ್ತೇನೆ. ಹಳೆಯದು. ತಿರುಗಿ ಕೊಡುವುದು ಬೇಡ.