ಟೆಸ್ಟಿಂಗ್‌ನಲ್ಲಿ ಬದಲಿಸಿದ ಟೇಬಲ್ ರಚನೆಯನ್ನು ಲೈವ್ ಡೇಟಾಬೇಸ್‌ಗೆ ಒಯ್ಯುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ಇಲ್ಲಿನ ಮೆಕ್ಕೆಜೋಳದ ವರ್ತಕರೊಬ್ಬರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0. ಟೆಸ್ಟಿಂಗ್ ಸರ್ವರ್‌ನಲ್ಲಿ ತೂಕದ ಚೀಟಿಯ ಟೇಬಲ್‌ಗೆ ತೇವಾಂಶದ ಕಾಲಂ ಸೇರಿಸಿದ್ದೇನೆ, ಹಮಾಲಿ ಲೆಕ್ಕಕ್ಕೆ ಹೊಸ ಟೇಬಲ್ ಮಾಡಿದ್ದೇನೆ. ಡೇಟಾಬೇಸನ್ನು ಕಡತವಾಗಿ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ನ ‘ನೋ-ಡೇಟಾ’ ಆಯ್ಕೆಯಿಂದ ರಚನೆಯನ್ನಷ್ಟೇ ತೆಗೆದು ಲೈವ್‌ನಲ್ಲಿ ಓಡಿಸಿದರೆ ಸಾಕೇ?

ಉತ್ತರ 1:
ದಯವಿಟ್ಟು ಹಾಗೆ ಮಾಡಬೇಡಿ. ಆ ಡಂಪ್ ಕಡತವನ್ನು ಒಮ್ಮೆ ತೆರೆದು ನೋಡಿದರೆ, ಪ್ರತಿ ‘ಕ್ರಿಯೇಟ್ ಟೇಬಲ್’ಗೂ ಮೊದಲು ‘ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್’ ಎಂಬ ಸಾಲು ತಾನಾಗಿಯೇ ಬಂದಿರುವುದು ಕಾಣುತ್ತದೆ. ಅದನ್ನು ಲೈವ್‌ನಲ್ಲಿ ಓಡಿಸಿದರೆ ಈವರೆಗಿನ ಚೀಟಿಗಳೆಲ್ಲ ಅಳಿಸಿಹೋಗಿ, ಹೊಸ ಕಾಲಂ ಇರುವ ಖಾಲಿ ಟೇಬಲ್ ಉಳಿಯುತ್ತದೆ. ಡ್ರಾಪ್ ಸಾಲುಗಳನ್ನು ತೆಗೆದುಹಾಕಿದರೂ ಪ್ರಯೋಜನವಿಲ್ಲ. ಟೇಬಲ್ ಈಗಾಗಲೇ ಇದೆ ಎಂದು ಕ್ರಿಯೇಟ್ ವಿಫಲವಾಗುತ್ತದೆ. ಹೊಸ ಟೇಬಲ್‌ಗೆ ಕ್ರಿಯೇಟ್, ಹಳೆಯದಕ್ಕೆ ಆಲ್ಟರ್ (ಇರುವ ಟೇಬಲನ್ನು ಬದಲಿಸುವ ಆದೇಶ) ಎಂದು ಬದಲಾವಣೆಯನ್ನಷ್ಟೇ ಕೈಯಾರೆ ಬರೆಯಿರಿ.

ಉತ್ತರ 2:
ಮೇಲಿನವರ ಮಾತು ಸರಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಇಂತಹ ಬದಲಾವಣೆಗಳನ್ನು ರೋಲ್‌ಬ್ಯಾಕ್ ಮಾಡಬಹುದು, ಅಂದರೆ ಹಿಂದಕ್ಕೆ ಪಡೆಯಬಹುದು; ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿಯೊಂದು ಆಲ್ಟರ್ ಕೂಡ ತಕ್ಷಣ ಕಮಿಟ್ (ಕಾಯಂ) ಆಗುವುದರಿಂದ, ನಡುವೆ ಒಂದು ಕೈಕೊಟ್ಟರೆ ಅದಕ್ಕಿಂತ ಮೊದಲಿನವು ಹಾಗೆಯೇ ಉಳಿಯುತ್ತವೆ. ಆದ್ದರಿಂದ ಲೈವ್‌ನ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ರೀಸ್ಟೋರ್ ಮಾಡಿ, ನೀವು ಬದಲಾವಣೆ ಬರೆದ ಕಡತವನ್ನು ಮೊದಲು ಅಲ್ಲಿ ಓಡಿಸಿ ನೋಡಿ. ತೇವಾಂಶದ ಕಾಲಮ್ಮನ್ನು ಡೀಫಾಲ್ಟ್ ಇಲ್ಲದೆ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲ) ಎಂದು ಸೇರಿಸಿದರೆ ಹಳೆಯ ಚೀಟಿಗಳಲ್ಲೆಲ್ಲ 0 ತುಂಬಿಕೊಳ್ಳುತ್ತದೆ. ಸೊನ್ನೆ ತೇವಾಂಶದ ಜೋಳವನ್ನು ಯಾವ ಮಂಡಿಯಲ್ಲಿಯೂ ಯಾರೂ ಕಂಡಿಲ್ಲ, ಸರಾಸರಿ ತೋರಿಸುವ ವರದಿ ಮಾತ್ರ ಅದನ್ನು ನಂಬುತ್ತದೆ! ನಲ್ ಇರಲು ಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಆಲ್ಟರ್ ನಡೆಯುವಾಗ ತೂಕದ ಕೌಂಟರ್ ನಿಲ್ಲುತ್ತದೆಯೇ?

ಉತ್ತರ 2:
8.0.12ರ ನಂತರದ ಆವೃತ್ತಿಯಾದರೆ ಆಲ್ಟರ್‌ನ ಕೊನೆಗೆ ‘ಆಲ್ಗೊರಿದಮ್=ಇನ್‌ಸ್ಟಂಟ್’ ಎಂದು ಬರೆಯಿರಿ; ಟೇಬಲನ್ನು ಮತ್ತೆ ಕಟ್ಟದೆಯೇ ಕಾಲಂ ಸೇರುತ್ತದೆ, ಸಾಧ್ಯವಿಲ್ಲದಿದ್ದರೆ ದೋಷ ತೋರಿಸಿ ಸುಮ್ಮನಾಗುತ್ತದೆ. 8.0.29ಕ್ಕಿಂತ ಹಳೆಯದಾದರೆ ಕಾಲಂ ಕೊನೆಯಲ್ಲಿಯೇ ಇರಬೇಕು. ಆದರೆ ಯಾರಾದರೂ ಚೀಟಿಯ ಟ್ರಾನ್ಸಾಕ್ಷನ್ ಮುಗಿಸದೆ ಬಿಟ್ಟಿದ್ದರೆ ಆಲ್ಟರ್ ಅದಕ್ಕಾಗಿ ಕಾಯುತ್ತದೆ, ಅದರ ಹಿಂದೆ ಉಳಿದ ಕೌಂಟರ್‌ಗಳೆಲ್ಲ ಸಾಲುಗಟ್ಟುತ್ತವೆ. ಹೀಗೆ ಕಾಯುವ ‘ಲಾಕ್ ವೇಟ್ ಟೈಮ್‌ಔಟ್’ ಮೊದಲಿನಿಂದಲೂ ಒಂದು ವರ್ಷಕ್ಕೆ ನಿಗದಿಯಾಗಿರುತ್ತದೆ. ನಿಮ್ಮ ಸೆಷನ್‌ನಲ್ಲಿ ಅದನ್ನು 10 ಸೆಕೆಂಡಿಗೆ ಇಳಿಸಿಕೊಂಡು, ವಹಿವಾಟು ಮುಗಿದ ಮೇಲೆ ಓಡಿಸಿ.