ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಹೈಬ್ರಿಡ್ ಕಾರು ತಗೊಳ್ಳಬಹುದಾ? ಇಟ್ಟುಕೊಂಡವರ ಅನುಭವ

ಚಿಕ್ಕಮಗಳೂರಿನಿಂದ ಪ್ರಶ್ನೆ:
2014ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ನೋಡಿ ಬಂದಿದ್ದೇನೆ. ಪೆಟ್ರೋಲ್ ಇಂಜಿನ್ ಜೊತೆಗೆ ದೊಡ್ಡ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಕಾರು. 1,58,000 ಕಿಲೋಮೀಟರ್ ಓಡಿದೆ. ಗಾಡಿ ಚೆನ್ನಾಗಿದೆ, ರೇಟೂ ಹೊಂದುತ್ತದೆ. ಆದರೆ ಮನೆಯಲ್ಲಿ ಎಲ್ಲರೂ "ಬ್ಯಾಟರಿ ಹೋದ್ರೆ ಏನ್ ಮಾಡ್ತೀಯ" ಅಂತ ಹೆದರಿಸುತ್ತಿದ್ದಾರೆ. ಇಟ್ಟುಕೊಂಡವರು ದಯವಿಟ್ಟು ಹೇಳಿ.

ಹಾಸನದಿಂದ:
ನನ್ನದೂ ಅದೇ ವರ್ಷದ ಅದೇ ಕಾರು. 1,42,000 ಕಿಲೋಮೀಟರ್ ಓಡಿದ್ದಾಗ ತಗೊಂಡೆ, ಈಗ 2,16,000 ದಾಟಿದೆ. ಬ್ಯಾಟರಿ ಇನ್ನೂ ಕಂಪನಿಯಿಂದ ಬಂದದ್ದೇ. ಮೀಟರ್ ನೋಡಿ ಹೆದರಬೇಡಿ. ಈ ಬ್ಯಾಟರಿಯನ್ನು ಕಾರಿನ ಕಂಪ್ಯೂಟರ್ ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ. ಅದಕ್ಕೇ ಇಷ್ಟು ಬಾಳುತ್ತದೆ. ಅದಕ್ಕೆ ಆಗದೇ ಇರುವುದು ಬಿಸಿ.

ನನಗೆ ಇದು ಗೊತ್ತಾಗಿದ್ದು ಕಷ್ಟಪಟ್ಟು. ತಗೊಂಡ ಎರಡನೇ ಬೇಸಿಗೆ, ಮಂಗಳೂರಿನಿಂದ ಬರುತ್ತಾ ಶಿರಾಡಿ ಹತ್ತುವಾಗ ವಾರ್ನಿಂಗ್ ಲೈಟ್ ಬಂತು. ಹಿಂದಿನ ಸೀಟಿನಿಂದ ಬ್ಯಾಟರಿ ತಣ್ಣಗಿಡುವ ಫ್ಯಾನ್ ಗುಯ್ ಅಂತ ಕೂಗುತ್ತಿತ್ತು. ಒಂದು ಗ್ಯಾರೇಜಿನವರು ನೋಡಿದ ಕೂಡಲೇ "ಇಡೀ ಬ್ಯಾಟರಿ ಹೊಸದು ಹಾಕಬೇಕು" ಅಂದರು. ಲಕ್ಷಗಳ ಮಾತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರು ಸೀಟು ಬಿಚ್ಚಿ ಫ್ಯಾನ್ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ರೆಕ್ಕೆಗಳ ನಡುವೆ ಜಾಗವೇ ಕಾಣುತ್ತಿರಲಿಲ್ಲ. ನಮ್ಮ ನಾಯಿಯ ಕಂದು ಕೂದಲು, ತೋಟದ ಕೆಂಪು ಧೂಳು, ಎರಡೂ ಸೇರಿ ಕಂಬಳಿ ತರ ಗಟ್ಟಿಯಾಗಿ ಕೂತಿತ್ತು. ಬ್ರಷ್ ಹಾಕಿ ಉಜ್ಜಿದರು, ಅಷ್ಟೇ. ಆ ಲೈಟ್ ಮತ್ತೆ ಬಂದಿಲ್ಲ.

ಬ್ಯಾಟರಿ ಇರುವುದು ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ. ಅದನ್ನು ತಣ್ಣಗಿಡುವುದು ಕಾರಿನ ಒಳಗಿನ ಗಾಳಿ. ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ, ಫ್ಯಾನ್ ಅಲ್ಲಿಂದ ಗಾಳಿ ಎಳೆಯುತ್ತದೆ. ಅದಕ್ಕೆ ಅಡ್ಡವಾಗಿ ಕಾಫಿ ಮೂಟೆ, ಬಟ್ಟೆ, ಬ್ಯಾಗ್ ಏನೂ ಇಡಬೇಡಿ. ಬಿಸಿಲಲ್ಲಿ ಎಸಿ ಹಾಕಿ, ಅದು ಬ್ಯಾಟರಿಗೂ ಒಳ್ಳೆಯದು. ಕಿತ್ತಳೆ ಬಣ್ಣದ ವೈರುಗಳನ್ನು ಮಾತ್ರ ನೀವೇ ಮುಟ್ಟಲು ಹೋಗಬೇಡಿ, ಅದರಲ್ಲಿ ಸುಮಾರು 245 ವೋಲ್ಟ್, ಕೆಲವು ಕಡೆ ಅದಕ್ಕಿಂತ ಜಾಸ್ತಿಯೂ ಇರುತ್ತದೆ.

ತಗೊಳ್ಳುವ ಮುಂಚೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ಹಾಕಿಸಿ. ಬ್ಯಾಟರಿಯ ಒಳಗೆ 34 ಮಾಡ್ಯೂಲ್, ಅಂದರೆ ಚಿಕ್ಕ ಬ್ಯಾಟರಿ ತುಂಡುಗಳು ಇವೆ, ಸ್ಕ್ಯಾನರ್ ಅವನ್ನು ಜೋಡಿ ಜೋಡಿಯಾಗಿ 17 ಬ್ಲಾಕ್ ಮಾಡಿ ಒಂದೊಂದರ ವೋಲ್ಟ್ ತೋರಿಸುತ್ತದೆ. ಸುಮ್ನೆ ನಿಂತಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೈಮರ ದಾಟಿ ಸೀತಾಳಯ್ಯನಗಿರಿ ಏರಿನಲ್ಲಿ ಒತ್ತಿ ಓಡಿಸಿ, ಪಕ್ಕದಲ್ಲಿ ಕೂತವರು ಅಂಕಿ ನೋಡಲಿ. ಎಲ್ಲ ಬ್ಲಾಕ್ ಒಟ್ಟಿಗೆ ಇಳಿದು ಒಟ್ಟಿಗೆ ಏರಿದರೆ ಸರಿ. ಒಂದೇ ಒಂದು ಧಸಕ್ಕಂತ ಕೆಳಗೆ ಹೋದರೆ ಆ ಗಾಡಿ ಬಿಟ್ಟುಬಿಡಿ.

ಮೂಡಿಗೆರೆಯಿಂದ:
ಮಳೆಗಾಲದಲ್ಲಿ ಒಂದು ತಿಂಗಳು ಶೆಡ್ಡಿನಲ್ಲೇ ನಿಲ್ಲಿಸಿದ್ದೆ. ಕಾರು ಆನ್ ಆಗಲೇ ಇಲ್ಲ. ದೊಡ್ಡ ಬ್ಯಾಟರಿಯೇ ಹೋಯಿತು ಅಂದುಕೊಂಡೆ. ಹೋಗಿದ್ದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೂ ಹೈಬ್ರಿಡ್ ಎಚ್ಚರವಾಗುವುದಿಲ್ಲ. ನಿಲ್ಲಿಸಿಯೇ ಇಟ್ಟ ಕಮ್ಮಿ ಕಿಲೋಮೀಟರಿನ ಗಾಡಿಗಿಂತ ದಿನಾ ಓಡಿದ್ದೇ ನನಗೆ ವಾಸಿ ಅನ್ನಿಸುತ್ತದೆ. ಚಾರ್ಮಾಡಿ ಇಳಿಯುವಾಗ ಬ್ಯಾಟರಿ ತುಂಬಿ ಇಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ. ಗೇರ್ ಲಿವರನ್ನು 'ಬಿ'ಗೆ (ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುವ ಸ್ಥಾನ) ಹಾಕಿ ಇಳಿಯಿರಿ, ಬ್ರೇಕಿಗೆ ಆರಾಮ.

ಸಕಲೇಶಪುರದಿಂದ:
ಇನ್ನೊಂದು ಮಗ್ಗುಲೂ ಗೊತ್ತಿರಲಿ ಅಂತ ಹೇಳುತ್ತೇನೆ. ನಮ್ಮ ಹಳೆಯ ಹೈಬ್ರಿಡ್‌ನಲ್ಲಿ ಬ್ಯಾಟರಿ ನಿಜವಾಗಿಯೂ ಹೋಯಿತು. ದುಡ್ಡು ಉಳಿಯುತ್ತೆ ಅಂತ ಕೆಟ್ಟ ಒಂದು ಮಾಡ್ಯೂಲ್ ಮಾತ್ರ ಬದಲಿಸಿದೆವು. ಐದು ತಿಂಗಳಲ್ಲಿ ಪಕ್ಕದ್ದು ಹೋಯಿತು, ಆಮೇಲೆ ಇನ್ನೊಂದು. ಎಲ್ಲಕ್ಕೂ ಒಂದೇ ವಯಸ್ಸು ಅಲ್ವಾ? ಪೂರ್ತಿ ಪ್ಯಾಕ್ ಹಾಕಿದ ಮೇಲೆಯೇ ನೆಮ್ಮದಿ. ಆ ಖರ್ಚನ್ನು ಮೊದಲೇ ವಿಚಾರಿಸಿ, ಕಾರಿನ ರೇಟಿನಲ್ಲಿ ಅದಕ್ಕೆ ತಕ್ಕಂತೆ ಚೌಕಾಶಿ ಮಾಡಿ.

ಮತ್ತೆ ಹಾಸನದಿಂದ:
ಈ ಮಾತು ಸರಿ, ಆ ದುಡ್ಡು ಪಕ್ಕಕ್ಕೆ ಇಟ್ಟುಕೊಂಡೇ ತಗೊಳ್ಳಿ. ಸ್ಕ್ಯಾನರ್ ನನ್ನ ಹತ್ತಿರ ಇದೆ. ಮಾರುವವರು ಒಪ್ಪಿದರೆ ಭಾನುವಾರ ಬೆಳಿಗ್ಗೆ ಗಾಡಿ ತನ್ನಿ, ಶಿರಾಡಿಯಲ್ಲಿ ದೋಣಿಗಾಲ್‌ನಿಂದ ಗುಂಡ್ಯ ತನಕ ಇಳಿದು ಹತ್ತಿ ಒಟ್ಟಿಗೆ ನೋಡೋಣ.