ಸಹಾಯ ಬೇಕು: ಬೇಡದ ಔಟ್ ಪ್ಯಾರಾಮೀಟರ್‌ಗಳಿಗೆ ಏನು ಕೊಡುವುದು?

ಡೆಲ್ಫಿ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ದಯವಿಟ್ಟು ನೋಡಿ. ಪೀಣ್ಯದ ಒಂದು ವರ್ಕ್‌ಶಾಪಿನ ಹಳೇ ಬಿಲ್ಲಿಂಗ್ ಕೋಡ್. ತೆರಿಗೆ ಫಂಕ್ಷನ್ ಒಟ್ಟು ಮೊತ್ತ ರಿಟರ್ನ್ ಮಾಡುತ್ತೆ. ಜೊತೆಗೆ 4 ಔಟ್ ಪ್ಯಾರಾಮೀಟರ್ (ಫಂಕ್ಷನ್ ಫಲಿತಾಂಶ ಬರೆಯಲೆಂದು ಕರೆಯುವವರು ಕೊಡಬೇಕಾದ ವೇರಿಯಬಲ್): ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ರೌಂಡ್ ಆಫ್ (ಮೂರೂ ಕರೆನ್ಸಿ ಟೈಪ್), ಮತ್ತೆ ಎರರ್ ಸ್ಟ್ರಿಂಗ್. ಬಹುಪಾಲು ಕಡೆ ಬೇಕಿರುವುದು ಒಟ್ಟು ಮಾತ್ರ.

ಔಟ್‌ಗೆ ಡಿಫಾಲ್ಟ್ ಬೆಲೆ ಕೊಡಲು ಬರಲ್ಲ, ನಿಲ್ (ಖಾಲಿ ಪಾಯಿಂಟರ್) ಕಳಿಸಿದರೆ ಕಂಪೈಲ್ ಆಗಲ್ಲ. ಡೆಲ್ಫಿ 10.3ರಲ್ಲಿ ಬಂದ, ಕೋಡ್ ನಡುವೆಯೇ ಘೋಷಿಸುವ ಇನ್‌ಲೈನ್ ವೇರಿಯಬಲ್ಲನ್ನೂ ಕರೆಯ ಆವರಣದೊಳಗೆ ಘೋಷಿಸಲಾಗದು. ನಿಲ್ ಪಾಯಿಂಟರನ್ನು ಕಾಸ್ಟ್ ಮಾಡಿ ಡಿರೆಫರೆನ್ಸ್ ಮಾಡುವ ಕಳ್ಳದಾರಿ ಕಂಪೈಲ್ ಏನೋ ಆಗುತ್ತೆ, ಆದರೆ ಫಂಕ್ಷನ್ ಅಲ್ಲಿಗೆ ಬರೆದ ಕೂಡಲೇ ಆಕ್ಸೆಸ್ ವಯೊಲೇಶನ್ (ತನ್ನದಲ್ಲದ ಮೆಮೊರಿ ಮುಟ್ಟಿದ ದೋಷ).

ಮೂರು ಕರೆನ್ಸಿಗೂ ಒಂದೇ ಡಮ್ಮಿ (ಬೆಲೆ ಬಳಸದ ವೇರಿಯಬಲ್) ಕೊಡೋಣವೆಂದರೆ ಇನ್ನೂ ಅಪಾಯ. ಫಂಕ್ಷನ್ ಒಳಗೆ ಸಿಜಿಎಸ್‌ಟಿ ಬರೆದು, ಎಸ್‌ಜಿಎಸ್‌ಟಿ ಬರೆದು, ಆಮೇಲೆ ಎರಡನ್ನೂ ಓದಿ ಕೂಡಿಸುತ್ತಾರೆ. ಮೂರಕ್ಕೂ ವಿಳಾಸ ಒಂದೇ ಆದರೆ ಎರಡನೆಯದು ಮೊದಲನೆಯದನ್ನು ಅಳಿಸಿರುತ್ತೆ. ಎರಡೂ ತೆರಿಗೆ ಸಮ ಇರುವಾಗ ಉತ್ತರ ಸರಿಯಾಗೇ ಬರುವುದರಿಂದ ಟೆಸ್ಟಿಂಗ್‌ನಲ್ಲಿ ಸಿಗುವುದೂ ಇಲ್ಲ! ಸ್ಟ್ರಿಂಗ್‌ಗೆ ಗ್ಲೋಬಲ್ ಡಮ್ಮಿ ಬೇಡವೇ ಬೇಡ, ಎರಡು ಥ್ರೆಡ್ ಒಟ್ಟಿಗೆ ಬರೆದರೆ ಮೆಮೊರಿ ಕೆಡುತ್ತೆ.

ಮೂಲ ಫಂಕ್ಷನ್ ಡಿಎಲ್‌ಎಲ್‌ನಿಂದ (ಬೇರೆ ಪ್ರೋಗ್ರಾಂಗಳೂ ಬಳಸಬಹುದಾದ ಲೈಬ್ರರಿ ಫೈಲ್) ಎಕ್ಸ್‌ಪೋರ್ಟ್ ಆಗಿದೆ, ಹಾಗಾಗಿ ಅದರ ಸಹಿ (ಪ್ಯಾರಾಮೀಟರ್ ಮತ್ತು ರಿಟರ್ನ್ ಟೈಪ್) ಬದಲಿಸಿ ರೆಕಾರ್ಡ್ ಹಿಂತಿರುಗಿಸುವಂತಿಲ್ಲ. ಉಳಿದದ್ದು ಮೂಲವನ್ನು ತಾನೇ ಕರೆಯುವ ಹೊದಿಕೆ ಫಂಕ್ಷನ್, ಅಂದರೆ ರ್‍ಯಾಪರ್: ಒಳಗೇ 4 ಲೋಕಲ್ ಡಮ್ಮಿ, ಹೊರಗೆ ಒಟ್ಟು ಮಾತ್ರ.

ಕೇಳಬೇಕಿರುವುದು ಎರಡು. ರ್‍ಯಾಪರನ್ನು ಅದೇ ಹೆಸರಲ್ಲಿ ಓವರ್‌ಲೋಡ್ (ಹೆಸರು ಒಂದೇ, ಪ್ಯಾರಾಮೀಟರ್ ಬೇರೆ) ಮಾಡೋದೋ, ಬೇರೆ ಹೆಸರಿಡೋದೋ? ಎರರ್ ಸ್ಟ್ರಿಂಗ್ ಖಾಲಿ ಇಲ್ಲದಿದ್ದರೆ ಅಲ್ಲೇ ಎಕ್ಸೆಪ್ಶನ್ ಎಸೆಯಬೇಕೆಂಬುದು ನನ್ನ ಅಭಿಪ್ರಾಯ, ದೊಡ್ಡ ಕೋಡ್‌ನಲ್ಲಿ ಹೀಗೆ ಮಾಡಿದವರಿದ್ದರೆ ತೊಂದರೆ ಏನಾದರೂ ಬಂತಾ ತಿಳಿಸಿ.